ಇರುವೆಗಳ ಹೆಸರಿನ ರಾಜಧಾನಿ

ಘಾನಾ ದೇಶದ ರಾಜಧಾನಿ ‘ಅಕ್ರಾ’ ಎಂದು ಬರೆದ ಮಕ್ಕಳಿಗೆಲ್ಲ ಒಂದು ಅಂಕ ಕೊಟ್ಟು ಮುಂದೆ ಸಾಗಿದವನು ನಾನು. ಆ ಹೆಸರಿನ ಅರ್ಥವನ್ನು ಎಂದೂ ವಿಚಾರಿಸಿರಲಿಲ್ಲ. ನಿವೃತ್ತಿಯ ನಂತರದ ಓದಿನಲ್ಲಿ ತಿಳಿಯಿತು: ಅಕಾನ್ ಭಾಷೆಯಲ್ಲಿ ‘ಎನ್‌ಕ್ರಾನ್’ ಎಂದರೆ ಇರುವೆಗಳು. ಅಲ್ಲಿನ ಗಾ ಜನರು ಇರುವೆಯ ದಂಡಿನಂತೆ ಬಂದು ನೆಲೆಸಿದರೆಂಬುದು ಒಂದು ವಿವರಣೆ. ಸುತ್ತಲಿನ ಹುತ್ತಗಳೇ ಕಾರಣವೆಂಬುದು ಇನ್ನೊಂದು.

ಡಚ್ಚರು, ಇಂಗ್ಲಿಷರು, ಡೇನರು ಅದೇ ಕಡಲತಡಿಯಲ್ಲಿ ಕೋಟೆ ಕಟ್ಟಿ ಚಿನ್ನವನ್ನೂ ಗುಲಾಮರನ್ನೂ ಸಾಗಿಸಿದರು. 1877ರಲ್ಲಿ ಬ್ರಿಟಿಷರು ಗೋಲ್ಡ್ ಕೋಸ್ಟ್ ವಸಾಹತಿನ ರಾಜಧಾನಿಯನ್ನು ಕೇಪ್ ಕೋಸ್ಟ್‌ನಿಂದ ಇಲ್ಲಿಗೆ ತಂದರು.

ಆದರೆ ನನ್ನ ಮನಸ್ಸು ನಿಲ್ಲುವುದು 1948ರ ಫೆಬ್ರವರಿ 28ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಸೇನೆಯಲ್ಲಿದ್ದು ಹಲವರು ಬರ್ಮಾದವರೆಗೂ ಹೋಗಿ ಕಾದಿದ್ದ ಮಾಜಿ ಸೈನಿಕರು, ತಮಗೆ ಬರಬೇಕಾದ ಸವಲತ್ತುಗಳಿಗಾಗಿ ಮನವಿಪತ್ರ ಹಿಡಿದು ಗವರ್ನರನಿದ್ದ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯತ್ತ ನಡೆದರು. ಕೈಯಲ್ಲಿ ಆಯುಧವಿರಲಿಲ್ಲ. ದಾರಿಯಲ್ಲಿ ಗುಂಡು ಹಾರಿತು. ಅಜೆಟೆ, ಅಟ್ಟಿಪೋ, ಓಡಾರ್ಟೆ ಲ್ಯಾಂಪ್ಟಿ ಎಂಬ ಮೂವರು ಬಿದ್ದರು. ಯಾರ ಪರವಾಗಿ ಪ್ರಾಣವನ್ನು ಪಣಕ್ಕಿಟ್ಟಿದ್ದರೋ ಅವರದೇ ಗುಂಡು! ಅಂದು ಅಕ್ರಾ ಹೊತ್ತಿ ಉರಿಯಿತು.

ಒಂಬತ್ತು ವರ್ಷಗಳ ತರುವಾಯ, 1957ರ ಮಾರ್ಚ್ 6ರಂದು, ಅದೇ ಊರಿನ ಪೋಲೋ ಮೈದಾನದಲ್ಲಿ ಕ್ವಾಮೆ ಎನ್‌ಕ್ರುಮಾ ಘಾನಾದ ಸ್ವಾತಂತ್ರ್ಯವನ್ನು ಸಾರಿದರು.