ಗಾಳಿ ಕಟ್ಟಿದ ಬಂದರು

1895ರ ಜುಲೈ 20ರ ಸಂಜೆ ‘ಸ್ಪ್ರೇ’ ಎಂಬ ಹಾಯಿದೋಣಿ ಹೋರ್ಟಾ ಬಂದರಿನಲ್ಲಿ ಲಂಗರು ಹಾಕಿತು. ಅದರಲ್ಲಿದ್ದವನು ಒಬ್ಬನೇ, ಜೋಷುವಾ ಸ್ಲೋಕಮ್. ಜಗತ್ತನ್ನು ಒಂಟಿಯಾಗಿ ಹಾಯಿದೋಣಿಯಲ್ಲಿ ಸುತ್ತಿದ ಮೊದಲಿಗನೆಂದು ಮುಂದೆ ಹೆಸರಾದವನು. ಅಲ್ಲಿಂದ ಹೊರಟ ಮೇಲೆ ಪ್ಲಮ್ ಹಣ್ಣನ್ನೂ ಬಿಳಿ ಚೀಸನ್ನೂ ಒಟ್ಟಿಗೆ ತಿಂದು, ಹೊಟ್ಟೆನೋವಿನಿಂದ ನರಳುತ್ತಾ ಬಿದ್ದಿದ್ದಾಗ, ಕೊಲಂಬಸನ ‘ಪಿಂಟಾ’ ಹಡಗಿನ ಚುಕ್ಕಾಣಿಗಾರ ಬಂದು ದೋಣಿ ನಡೆಸಿದ್ದನ್ನು ಕಂಡೆನೆಂದು ಅವನು ಬರೆದಿದ್ದಾನೆ.

ಅಟ್ಲಾಂಟಿಕ್ ಸಾಗರದ ನಡುವೆ, ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ಒಂದು ಫಯಾಲ್. ಹೋರ್ಟಾ ಅದರ ಮುಖ್ಯ ಊರು. ಈಗಲೂ ಪ್ರತಿವರ್ಷ ಮೇ, ಜೂನ್ ಬಂತೆಂದರೆ ಹಾಯಿದೋಣಿಗಳು ಇಲ್ಲಿ ಸಾಲುಗಟ್ಟುತ್ತವೆ. ಹಲವು ದೋಣಿಗಳಲ್ಲಿ ಇರುವುದು ಗಂಡ, ಹೆಂಡತಿ, ಶಾಲೆಯ ಪುಸ್ತಕಗಳನ್ನು ಜೊತೆಗೇ ತಂದಿರುವ ಮಕ್ಕಳು. ಚಳಿಗಾಲವನ್ನು ಕೆರಿಬಿಯನ್ ದ್ವೀಪಗಳಲ್ಲಿ ಕಳೆದ ಇವರು ಚಂಡಮಾರುತಗಳ ಕಾಲ ಶುರುವಾಗುವ ಮೊದಲೇ ಯುರೋಪಿಗೆ ಮರಳಬೇಕು. ಬರ್ಮುಡಾದಿಂದ ಹೋರ್ಟಾಕ್ಕೆ ಸುಮಾರು 1,800 ನಾಟಿಕಲ್ ಮೈಲಿ. ಎರಡು ಮೂರು ವಾರ ನೆಲದ ಸುಳಿವೇ ಇರುವುದಿಲ್ಲ. ಆಕಾಶ ತಿಳಿಯಾಗಿದ್ದರೆ, ಎದುರಿನ ಪಿಕೊ ದ್ವೀಪದ 2,351 ಮೀಟರ್ ಎತ್ತರದ ಜ್ವಾಲಾಮುಖಿ ಬಹಳ ದೂರದಿಂದಲೇ ತಲೆಯೆತ್ತುತ್ತದೆ. ದಡಕ್ಕಿಳಿದ ಮಕ್ಕಳಿಗೆ ಮೊದಲು ಬೇಕಾಗುವುದು ಓಡಲು ಜಾಗ. ದೊಡ್ಡವರಿಗೆ ಬಿಸಿನೀರಿನ ಸ್ನಾನ, ಹೊಸ ಬ್ರೆಡ್ಡು, ಹರಿದ ಹಾಯಿ ಹೊಲಿಯುವವರು.

ನಕ್ಷೆಯಲ್ಲಿ ನೋಡಿದರೆ ಈ ದಾರಿ ಸುತ್ತುಬಳಸಿನದು. ಆದರೆ ಉಷ್ಣವಲಯದಲ್ಲಿ ಗಾಳಿ ಬೀಸುವುದು ಪೂರ್ವದಿಂದ. ಅದಕ್ಕೆ ಎದುರಾಗಿ ಹೋಗುವುದು ಕಷ್ಟ. ಉತ್ತರಕ್ಕೆ ಏರಿ ಪಡುವಣ ಗಾಳಿ ಹಿಡಿದರಷ್ಟೇ ಯುರೋಪು ಸಿಗುತ್ತದೆ. ಪೋರ್ಚುಗೀಸ್ ನಾವಿಕರು 15ನೇ ಶತಮಾನದಲ್ಲೇ ಈ ಗುಟ್ಟು ಅರಿತಿದ್ದರು. ಆಫ್ರಿಕಾದಿಂದ, ಭಾರತದಿಂದ ಮರಳುವ ಅವರ ಹಡಗುಗಳಿಗೆ ಅಜೋರ್ಸ್ ದಾರಿಯ ತಂಗುದಾಣವಾಯಿತು. 1498ರಲ್ಲಿ ಕಾರವಾರದ ಬಳಿಯ ಅಂಜದೀವದಲ್ಲಿ ನೀರು ತುಂಬಿಸಿಕೊಂಡು, ಹಡಗು ರಿಪೇರಿ ಮಾಡಿಕೊಂಡು ಹೊರಟ ವಾಸ್ಕೋ ಡ ಗಾಮ, ಕಾಯಿಲೆಬಿದ್ದ ಅಣ್ಣ ಪಾವ್ಲೊನನ್ನು ಕರೆದುಕೊಂಡು ಮರುವರ್ಷ ಬಂದದ್ದು ಇದೇ ದ್ವೀಪಗಳಿಗೆ. ಪಾವ್ಲೊ ತೆರ್ಸೇರಾ ದ್ವೀಪದಲ್ಲಿ ತೀರಿಕೊಂಡ. ಅಲ್ಲಿನ ಆಂಗ್ರಾ ಪಟ್ಟಣದಲ್ಲೇ ಅವನ ಸಮಾಧಿಯಾಯಿತು.

ಹೋರ್ಟಾದ ಸಿರಿಯ ದಿನಗಳೆಂದರೆ 19ನೇ ಶತಮಾನ. ಅಮೆರಿಕದ ನ್ಯೂ ಬೆಡ್‌ಫರ್ಡಿನಿಂದ ಹೊರಟ ತಿಮಿಂಗಿಲ ಬೇಟೆಯ ಹಡಗುಗಳು ನೀರು, ತರಕಾರಿ, ಆಳುಗಳಿಗಾಗಿ ಇಲ್ಲಿಗೆ ಬರುತ್ತಿದ್ದವು. ದ್ವೀಪದ ಎಷ್ಟೋ ಹುಡುಗರು ಹಾಗೆ ಹಡಗು ಹತ್ತಿದವರು ಅಮೆರಿಕದಲ್ಲೇ ನೆಲೆನಿಂತರು. ಡ್ಯಾಬ್ನಿ ಎಂಬ ಅಮೆರಿಕನ್ ಮನೆತನ ಮೂರು ತಲೆಮಾರು ಇಲ್ಲಿ ಕಾನ್ಸುಲ್ ಹುದ್ದೆಯಲ್ಲಿತ್ತು. ಹಡಗುಗಳಿಗೆ ಸಾಮಾನು ಒದಗಿಸುವುದು, ಕಿತ್ತಳೆ ಮತ್ತು ಪಿಕೊ ದ್ವೀಪದ ವೈನ್ ರಫ್ತು ಮಾಡುವುದು ಅವರ ವ್ಯಾಪಾರ.

ಆಮೇಲೆ ಬಂದದ್ದು ತಂತಿ. 1893ರಲ್ಲಿ ಸಮುದ್ರದಡಿಯ ಕೇಬಲ್ ಹೋರ್ಟಾವನ್ನು ಲಿಸ್ಬನ್ನಿಗೆ ಜೋಡಿಸಿತು. 1900ರಲ್ಲಿ ಜರ್ಮನರ ಕೇಬಲ್ ಇಲ್ಲಿಂದ ನ್ಯೂಯಾರ್ಕಿಗೆ ಹೋಯಿತು. ಬ್ರಿಟಿಷ್, ಜರ್ಮನ್, ಅಮೆರಿಕನ್ ತಂತಿ ನೌಕರರು ಒಂದೇ ಪುಟ್ಟ ಊರಿನಲ್ಲಿ ಮನೆ ಮಾಡಿದರು. ಮೊದಲ ಮಹಾಯುದ್ಧ ಆ ನೆರೆಹೊರೆಯನ್ನು ಒಡೆಯಿತು. 1919ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಅಮೆರಿಕದ ಎನ್‌ಸಿ-4 ಜಲವಿಮಾನ ಈ ಕೊಲ್ಲಿಯಲ್ಲಿ ಇಳಿಯಿತು. 1939ರಿಂದ ಪ್ಯಾನ್ ಅಮೆರಿಕನ್ ಕಂಪನಿಯ ಕ್ಲಿಪ್ಪರ್ ವಿಮಾನಗಳೂ ಇಳಿದವು. ಅಲೆ ಜೋರಾದರೆ ಪ್ರಯಾಣಿಕರು ಊರಿನಲ್ಲೇ ಕಾಯಬೇಕಿತ್ತು.

ಇವೆಲ್ಲ ಒಂದೊಂದಾಗಿ ಹೋದವು. ದೂರ ಹಾರಬಲ್ಲ ವಿಮಾನ ಬಂದ ಮೇಲೆ ಕ್ಲಿಪ್ಪರ್ ಬೇಡವಾಯಿತು. ಕೊನೆಯ ಕೇಬಲ್ ಕಚೇರಿ 1969ರಲ್ಲಿ ಮುಚ್ಚಿತು. 1980ರ ದಶಕದಲ್ಲಿ ತಿಮಿಂಗಿಲ ಬೇಟೆಯೂ ನಿಂತಿತು. ಬದಲಾಗದೆ ಉಳಿದದ್ದು ಗಾಳಿ. ಯಂತ್ರಗಳು ಬಿಟ್ಟುಹೋದ ಈ ಊರನ್ನು ಸಣ್ಣ ಹಾಯಿದೋಣಿಗಳು ಮತ್ತೆ ಎತ್ತಿಹಿಡಿದವು.

ಆ ದೋಣಿಗಳ ನಂಟು ಬೆಸೆದದ್ದು ಬಂದರಿನೆದುರಿನ ‘ಪೀಟರ್ ಕೆಫೆ ಸ್ಪೋರ್ಟ್’. 1918ರಲ್ಲಿ ಅಜೆವೇದೊ ಮನೆತನ ತೆರೆದ ಈ ಅಂಗಡಿ ನಾವಿಕರ ಪಾಲಿಗೆ ಅಂಚೆಕಚೇರಿಯೂ ಆಗಿತ್ತು. ಯಾವ ದೋಣಿ ಯಾವಾಗ ಬಂದೀತೋ ಯಾರಿಗೂ ತಿಳಿಯದ ಕಾಲದಲ್ಲಿ, ಅದರ ಹೆಸರಿಗೆ ಬಂದ ಕಾಗದಗಳನ್ನು ಇವರು ಜೋಪಾನವಾಗಿ ಇಟ್ಟುಕೊಂಡಿರುತ್ತಿದ್ದರು. ಮಹಡಿಯ ಮೇಲೆ ತಿಮಿಂಗಿಲದ ಹಲ್ಲಿನ ಮೇಲೆ ಕೊರೆದ ಚಿತ್ರಗಳ ಸಂಗ್ರಹಾಲಯವಿದೆ.

1986ರಲ್ಲಿ ತೆರೆದ ಮರೀನಾದ ಧಕ್ಕೆಯ ಮೇಲೆ, ಗೋಡೆಗಳ ಮೇಲೆ ಈಗ ಬಣ್ಣದ ಚಿತ್ರಗಳು ಒತ್ತೊತ್ತಾಗಿವೆ. ಚಿತ್ರ ಬಿಡಿಸದೆ ಹೊರಟವರಿಗೆ ಕಡಲಿನಲ್ಲಿ ಕೇಡು ಕಾದಿರುತ್ತದೆಂಬ ನಂಬಿಕೆ ಈ ಸಂಪ್ರದಾಯದ ಬೆನ್ನಿಗಿದೆ. ಊರಿನ ಅಂಗಡಿಯಿಂದ ಬಣ್ಣ ತರುವುದು, ಕಾಂಕ್ರೀಟ್ ತಿಕ್ಕಿ ತೊಳೆಯುವುದು, ದೋಣಿಯ ಹೆಸರು, ವರ್ಷ, ಮನೆಮಂದಿಯ ಹೆಸರು ಬರೆಯುವುದು: ಮಕ್ಕಳಿರುವ ಕುಟುಂಬಕ್ಕೆ ಇದು ಇಡೀ ದಿನದ ಕೆಲಸ. ಮಳೆ, ಬಿಸಿಲು, ಉಪ್ಪುಗಾಳಿಗೆ ಬಣ್ಣ ಬೇಗ ಮಾಸುತ್ತದೆ. ಖಾಲಿ ಜಾಗ ಸಿಗದ ಹೊಸಬರು ಗುರುತು ಸಿಗದಷ್ಟು ಅಳಿಸಿದ ಚಿತ್ರವನ್ನು ಹುಡುಕಿ ಅದರ ಮೇಲೆ ತಮ್ಮದನ್ನು ಬರೆಯುತ್ತಾರೆ. ಹಿಂದೆ ಬಂದುಹೋದವರು ತಮ್ಮ ಹಳೆಯ ಚಿತ್ರ ಉಳಿದಿದ್ದರೆ ಬಣ್ಣ ತುಂಬಿ, ಪಕ್ಕದಲ್ಲಿ ಹೊಸ ವರ್ಷವನ್ನು ಸೇರಿಸುತ್ತಾರೆ.