ಚೀಟಿ ಬೀಳತಿದ್ದ ಅಡಿಗಿಮನಿ

ಐರ್ಲಂಡಿನ ರಾಸ್ಕಾಮನ್ ಕೌಂಟಿಯೊಳಗ ಸ್ಟ್ರೋಕ್ಸ್‌ಟೌನ್ ಪಾರ್ಕ್ ಅಂತ ಒಂದು ದೊಡ್ಡ ಜಮೀನ್ದಾರರ ಮನಿ ಅದ. ಮೊದಲ ಮಾಹನ್ ಮನೆತನದವರದಿತ್ತು. ಕಟ್ಟಿಸಿದ್ದು 18ನೇ ಶತಮಾನದಾಗ, ಆದ್ರ ಅದರ ಖರೇ ಕಥಿ ನಡದದ್ದು 19ನೇ ಶತಮಾನದಾಗ. ನಡುವ ಮೂರಂತಸ್ತಿನ ಮನಿ, ಎರಡೂ ಕಡೆ ರೆಕ್ಕಿ ಚಾಚಿಧಂಗ ಕಟ್ಟಡ. ಒಂದು ರೆಕ್ಕಿಯೊಳಗ ಕುದರಿಲಾಯ, ಇನ್ನೊಂದರೊಳಗ ಅಡಿಗಿಮನಿ.

ಆ ಅಡಿಗಿಮನಿ ಬಗ್ಗೆನ ನಿಮಗ ಹೇಳಬೇಕು. ಒಲಿ, ಮೇಜು, ಪಾತ್ರಿ ಎಲ್ಲಾ ಕೆಳಗ. ಮ್ಯಾಲೆ ಗ್ವಾಡಿಗುಂಟ ಕಟಾಂಜನ ಇದ್ದ ಒಂದು ಗ್ಯಾಲರಿ. ಸೋಮವಾರ ಮುಂಜಾನೆ ಯಜಮಾನತಿ ಅಲ್ಲಿ ನಿಂತು, ಇಡೀ ವಾರದ ಅಡಿಗಿ ಬರದ ಚೀಟಿ ಕೆಳಗ ಒಗೀತಿದ್ಲಂತ! ಒಲಿ ಹತ್ರ ಹೋಗೂ ಪ್ರಸಂಗನ ಇಲ್ಲ. ನಾವು ಒಂದು ಹೊತ್ತಿನ ಪಲ್ಯಾಕ್ಕ ಹತ್ತು ಸಲ ವಿಚಾರ ಮಾಡೋರು, ನಗು ಬರತದ ಅಲ್ರಿ?

ಮುಂದಿಂದು ಕೇಳಿದ್ರ ನಗು ಬರೂದಿಲ್ಲ. ಆಳುಮಕ್ಕಳು ಓಡಾಡೂದು ದೊಡ್ಡವರ ಕಣ್ಣಿಗೆ ಬೀಳಬಾರದಂತ ಈ ಮನಿಗೆ ಸುರಂಗ ಮಾಡಿದ್ರು. ಅಡಿಗಿ ಮಾಡೋರು, ಕುದರಿ ತೊಳಿಯೋರು ಎಲ್ಲಾ ನೆಲದ ಕೆಳಗಿಂದ ಹಾಯಬೇಕು. ಇಂಥಾ ಮನಿ ನಡೀತಿದ್ದದ್ದು ಒಕ್ಕಲಿಗರು ಕೊಡೂ ಬಾಡಿಗಿಯಿಂದ. ಆ ಒಕ್ಕಲಿಗರ ಹೊಟ್ಟಿ ನಡೀತಿದ್ದದ್ದು ಬಟಾಟಿಯಿಂದ.

1845ರಾಗ ಬಟಾಟಿಗೆ ರೋಗ ಬಿತ್ತು. ಅದ ವರ್ಷ ಡೆನಿಸ್ ಮಾಹನ್ ಅನ್ನಾಂವನ ಕೈಗೆ ಜಮೀನು ಬಂತು, ಜೋಡಿಗೆ ಸಾಲಾನೂ ಬಂತು. ಬಾಡಿಗಿ ಬರವಲ್ಲದು. ಬಡವರ ಆಶ್ರಮದಾಗ ಇವರಿಗೆ ವರ್ಷಗಟ್ಲೆ ಊಟಾ ಹಾಕೂದಕ್ಕಿಂತ ಕೆನಡಾಕ್ಕ ಕಳಸೂದು ಅಗ್ಗ ಅಂತ ಕಾರಭಾರಿ ಲೆಕ್ಕಾ ಹಾಕಿದ. 1847ರಾಗ 1490 ಮಂದಿ ಹೊಂಟ್ರು. ಕೂಸುಗಳ್ನ ಎತಗೊಂಡು, ರಾಯಲ್ ಕಾಲುವಿ ದಂಡಿ ಹಿಡದು ಡಬ್ಲಿನ್ ತನಕ ನಡದ್ರು. ಹಿಂದ ತಿರುಗಿ ಬಂದಗಿಂದಾರು ಅಂತ ಜೋಡಿ ಒಬ್ಬ ಜವಾನ. ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ಹಡಗು. ಹಡಗಿನಾಗ ಜ್ವರ ಹಬ್ಬಿ ಭಾಳ ಮಂದಿ ಕೆನಡಾ ನೆಲಾ ಮುಟ್ಟಲೇ ಇಲ್ಲ. ಅದ ವರ್ಷ ನವೆಂಬರ್ 2ಕ್ಕ ಡೆನಿಸ್ ಮಾಹನ್‌ಗ ದಾರಿಯೊಳಗ ಗುಂಡು ಹೊಡದು ಕೊಂದ್ರು. ಅದಕ್ಕ ಗಲ್ಲೂ ಆತು.

ಮನಿ ಮಾತ್ರ ಹಂಗ ಉಳೀತು. 1979ರಾಗ ಅದೇ ಊರಿನ ಗ್ಯಾರೇಜಿನವರು ಕೊಂಡ್ರು. ಒಳಗ ಕಾಗದಪತ್ರದ ರಾಶಿನ ಸಿಕ್ತು. ಅದರಾಗ 1846ರಾಗ ಕ್ಲೂನಹೀ ಊರಿನ ಒಕ್ಕಲಿಗರು ಬರದ ಅರ್ಜಿ ಒಂದು: ಮಕ್ಕಳು ಹಸದು ಅಳೂದು ಕೇಳಲಾಗವಲ್ಲದು ಅಂತ. ಮ್ಯಾಲಿಂದ ಬಿದ್ದ ಚೀಟಿ ಪ್ರಕಾರ ಅಡಿಗಿ ಆಗತಿತ್ತು. ಕೆಳಗಿಂದ ಹೋದ ಈ ಚೀಟಿ ಕಟ್ಟಿನೊಳಗ ಕೂತಿತ್ತು. 1994ರಾಗ ಅಲ್ಲೇ ಕುದರಿಲಾಯದ ಅಂಗಳದಾಗ ಬರಗಾಲದ ಮ್ಯೂಸಿಯಮ್ ಮಾಡಿದ್ರು.