ತಿಮಿಂಗಿಲದ ಬೇಟೆಗಾರರು ಬಿಟ್ಟುಹೋದ ಆಮೆಗಳು

ದಕ್ಷಿಣ ಅಮೆರಿಕಾ ಖಂಡದ ಪಶ್ಚಿಮಕ್ಕೆ, ಶಾಂತಸಾಗರದ ನಡುವೆ, ಭೂಮಧ್ಯರೇಖೆಯ ಮೇಲೆಯೇ ಗಲಾಪಗೊಸ್ ಎಂಬ ದ್ವೀಪಸಮೂಹವಿರುವುದು. ಸಮುದ್ರಗರ್ಭದಿಂದ ಮೇಲೆದ್ದ ಜ್ವಾಲಾಮುಖಿಗಳೇ ಈ ದ್ವೀಪಗಳು. 1535ರಲ್ಲಿ ಪನಾಮಾದ ಬಿಷಪ್ಪನಾದ ತೊಮಾಸ್ ದೆ ಬೆರ್ಲಾಂಗನ ಹಡಗು ಗಾಳಿಯಿಲ್ಲದೆ ಪ್ರವಾಹಕ್ಕೆ ಸಿಲುಕಿ ಇಲ್ಲಿಗೆ ತೇಲಿಬಂದಿತು. ಅಲ್ಲಿಯ ಬೃಹದಾಕಾರದ ನೆಲದಾಮೆಗಳಿಂದಲೇ ದ್ವೀಪಗಳಿಗೆ ಈ ಹೆಸರು ಬಂದುದು.

ಇವುಗಳಲ್ಲಿ ದೊಡ್ಡದಾದ ಇಸಾಬೆಲಾ ದ್ವೀಪದ ಉತ್ತರದಲ್ಲಿ ವುಲ್ಫ್ ಎಂಬ ಅಗ್ನಿಪರ್ವತವುಂಟು. ಇದರ ಎತ್ತರ ಸುಮಾರು 1,700 ಮೀಟರು. 2015ರಲ್ಲಿಯೂ 2022ರಲ್ಲಿಯೂ ಇದು ಬೆಂಕಿಯನ್ನುಗುಳಿತು. ಇದರ ಇಳಿಜಾರುಗಳಲ್ಲಿ ವಾಸಿಸುವ ಆಮೆಗಳ ಉಪಜಾತಿಗೆ 1901ರಲ್ಲಿ ರಾಥ್‌ಶೀಲ್ಡನು, ರೋಲೊ ಬೆಕ್ಕನೆಂಬ ಸಂಗ್ರಾಹಕನ ನೆನಪಿಗಾಗಿ, ‘ಬೆಕಿ’ ಎಂದು ಹೆಸರಿಟ್ಟನು. ಪುರಾಣದ ಕೂರ್ಮವು ಗಿರಿಯನ್ನು ಹೊತ್ತಿತು; ಇಲ್ಲಿ ಗಿರಿಯೇ ಕೂರ್ಮಗಳನ್ನು ಹೊತ್ತಿರುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲದ ಬೇಟೆಯ ಹಡಗುಗಳು ಈ ದ್ವೀಪಗಳಿಗೆ ಎಡೆಬಿಡದೆ ಬರುತ್ತಿದ್ದುವು. ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲ ಆಮೆಯು ನಾವಿಕರಿಗೆ ಕೆಡದ ಬುತ್ತಿಯಾಯಿತು. ಅವುಗಳನ್ನು ಹಡಗಿನ ಒಡಲಲ್ಲಿ ಪೇರಿಸಿಕೊಂಡು ಹೋಗಿ, ಬೇಕಾದಾಗ ಕೊಂದು ತಿನ್ನುತ್ತಿದ್ದರು. ಇದರಿಂದ ಮಿಗಿಲಾಗಿ ನೊಂದುದು ದಕ್ಷಿಣದ ಫ್ಲೋರಿಯಾನಾ ದ್ವೀಪ. 1820ರಲ್ಲಿ ‘ಎಸೆಕ್ಸ್’ ಹಡಗಿನ ನಾವಿಕನೊಬ್ಬನು ವಿನೋದಕ್ಕೆಂದು ಹಚ್ಚಿದ ಕಿಚ್ಚು ಅಲ್ಲಿಯ ಕಾಡನ್ನು ಸುಟ್ಟಿತು. 1835ರಲ್ಲಿ ಡಾರ್ವಿನ್ನನು ಅಲ್ಲಿಗೆ ಹೋದಾಗ, ಆಡಳಿತಗಾರನಾದ ಲಾಸನ್ನನು, ಆಮೆಯನ್ನು ನೋಡಿ ಅದು ಯಾವ ದ್ವೀಪದ್ದೆಂದು ತಾನು ಹೇಳಬಲ್ಲೆನೆಂದನು. ಆ ಮಾತಿನ ಬೆಲೆಯನ್ನು ಡಾರ್ವಿನ್ನನು ಅರಿತುದು ತಡವಾಗಿ. ಅಷ್ಟರಲ್ಲಿಯೇ ಫ್ಲೋರಿಯಾನಾದ ಆಮೆಗಳು ವಿರಳವಾಗಿದ್ದುವು; ಕೆಲವೇ ವರ್ಷಗಳಲ್ಲಿ ಆ ದ್ವೀಪದಲ್ಲಿ ಒಂದೂ ಉಳಿಯಲಿಲ್ಲ.

ಕಥೆ ಇಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ವುಲ್ಫ್ ಪರ್ವತದ ಕೆಲವು ಆಮೆಗಳ ಚಿಪ್ಪು ಗುಮ್ಮಟದಂತೆ ದುಂಡಗಿರದೆ, ಕುದುರೆಯ ಜೀನಿನಂತೆ ಮುಂದಕ್ಕೆ ಎದ್ದಿದ್ದಿತು. ಅವುಗಳ ರಕ್ತವನ್ನು ಪರೀಕ್ಷಿಸಿ, ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಎಲುಬುಗಳೊಡನೆ ಹೋಲಿಸಿದ ವಿಜ್ಞಾನಿಗಳು, ಅವುಗಳಲ್ಲಿ ಫ್ಲೋರಿಯಾನಾದ ವಂಶವಾಹಿನಿಯು ಇನ್ನೂ ಹರಿಯುತ್ತಿದೆಯೆಂದು 2008ರಲ್ಲಿ ಪ್ರಕಟಿಸಿದರು. ಹಡಗಿನ ಭಾರವನ್ನಿಳಿಸುವುದಕ್ಕಾಗಿ ನಾವಿಕರು ಹತ್ತಿರದ ಬ್ಯಾಂಕ್ಸ್ ಕೊಲ್ಲಿಯಲ್ಲಿ ಆಮೆಗಳನ್ನು ಬಿಸುಟಿರಬೇಕು. ಅವು ದಡವನ್ನು ಸೇರಿ ಸ್ಥಳೀಯ ಆಮೆಗಳೊಡನೆ ಬೆರೆತಿರಬೇಕೆಂದು ಬಲ್ಲವರು ಊಹಿಸುವರು. 2015ರಲ್ಲಿ 32 ಆಮೆಗಳನ್ನು ಪರ್ವತದಿಂದ ಸಾಂತಾಕ್ರೂಜ್ ದ್ವೀಪಕ್ಕೆ ತಂದು, ಅವುಗಳಲ್ಲಿ ಯೋಗ್ಯವಾದುವುಗಳಿಂದ ಫ್ಲೋರಿಯಾನಾಕ್ಕಾಗಿ ಸಂತಾನವನ್ನು ಬೆಳೆಸಲಾರಂಭಿಸಿದರು.

ಕುಲವನ್ನು ಅಳಿಸಿದ ಕೈಯೇ ತನಗರಿಯದೆ ಅದರ ಬೀಜವನ್ನು ಉಳಿಸಿತು. ಇದು ನಾವಿಕರ ಪುಣ್ಯವಲ್ಲ. ಅವರು ಹಗುರಮಾಡಿಕೊಂಡುದು ಹಡಗನ್ನೇ ಹೊರತು ಪಾಪವನ್ನಲ್ಲ. ಹುಟ್ಟುವ ಮರಿಗಳಲ್ಲಿ ಎರಡು ಕುಲಗಳ ರಕ್ತ ಬೆರೆತಿರುವುದು. ಹಿಂದಿದ್ದ ಆಮೆ ಇದ್ದಂತೆಯೇ ಮರಳಲಾರದು. ಒಂದು ಹೊತ್ತಿನ ಊಟಕ್ಕಾಗಿ ಮಾಡಿದ ಹಾನಿಯನ್ನು ಎರಡು ಶತಮಾನಗಳ ತರುವಾಯವೂ ಅರೆಪಾಲು ಮಾತ್ರವೇ ತುಂಬಿಕೊಡಲು ಸಾಧ್ಯವೆಂಬುದನ್ನು ಈ ವೃತ್ತಾಂತವು ತಿಳಿಸುವುದು.